ಲೈಟರ್ ಕೊಟ್ಟವರಿಗೆ ಆಮೆ

ಆಕೆ ಸತ್ತ ದಿನ ನಮ್ಮ ಚಾಳಿನ ಲೈಟರುಗಳೆಲ್ಲ ಆಕೆಯ ಖೋಲಿಯಲ್ಲಿದ್ದವು. ಕಡ್ಡಿಪೆಟ್ಟಿಗೆಗಳೂ ಅಲ್ಲೇ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ಬಟ್ಟೆಯ ಚೀಲದಲ್ಲಿ, ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಕಟ್ಟಿಸಿಕೊಂಡು ಬಿದ್ದಿದ್ದವು. ಆ ಸಂಜೆ ನಮ್ಮ ಸಾಲಿನಲ್ಲಿ ಯಾರ ಮನೆಯಲ್ಲೂ ಒಲೆ ಹತ್ತಲಿಲ್ಲ. ಹೆಣ ಏಳುವ ತನಕ ಒಲೆ ಹಚ್ಚಬಾರದು, ಅದು ಸರಿ. ಹಚ್ಚೋಣವೆಂದರೂ ಆಗುತ್ತಿರಲಿಲ್ಲ.

ಇಲ್ಲಿಯ ಕನ್ನಡ ಸಂಘದವರು ತಮ್ಮ ಸಂಚಿಕೆಗೆ ಆಕೆಯ ಬಗ್ಗೆ ಏನಾದರೂ ಬರೆದುಕೊಡು ಎಂದರು. ನಾನು ಸಾಲೆಗೆ ಹೋದದ್ದು ಅಷ್ಟಕ್ಕಷ್ಟೆ. ಚೆಂದ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರಲ್ಲಿ ಯಾರೂ ಆಕೆಯ ಮೈ ತೊಳೆದವರಲ್ಲ. ತೊಳೆದವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಚಾಳಿನಲ್ಲಿ ಹೆಸರು ಹಿಡಿದು ಕರೆದವರೂ ಇರಲಿಲ್ಲ. ಹೆಂಗಸರು ಉಡುಪಿ ಬಾಯಿ ಎನ್ನುತ್ತಿದ್ದೆವು, ಮಕ್ಕಳು ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆದಂತೆ ಮಾವ್ಶಿ ಎನ್ನುತ್ತಿದ್ದರು. ಮುಂಬಯಿಯ ಆಂಟಾಪ್ ಹಿಲ್‌ನ ಆ ಚಾಳಿನಲ್ಲಿ ನಮ್ಮ ಸಾಲು ಪೂರಾ ವಿಜಾಪುರ, ಕಲಬುರ್ಗಿ ಕಡೆಯ ಮಂದಿ. ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರು. ಕಡಲ ಕಡೆಯವಳು ಆಕೆ ಒಬ್ಬಳೇ. ಗಂಡ ಮಾಟುಂಗದ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ. ಅವನು ಸತ್ತ ಮೇಲೆ ಅದೇ ಹೋಟೆಲಿನಲ್ಲಿ ಆಕೆ ಬೆಳಗಿನ ಹೊತ್ತು ತರಕಾರಿ ಹೆಚ್ಚಿ ಮಧ್ಯಾಹ್ನದ ಬಸ್ಸಿಗೆ ಮರಳುತ್ತಿದ್ದಳು. ಜೊತೆಗೆ ಒಂದು ಚೀಲ. ಅದರಲ್ಲಿ ಸೌತೆಕಾಯಿ ತುದಿ, ಕ್ಯಾರೆಟ್ ಚೂರು, ಕಪ್ಪು ಚುಕ್ಕೆ ಬಿದ್ದ ಬಾಳೆಹಣ್ಣು.

ಎತ್ತರದ ಹೆಂಗಸು. ನಡೆಯುವಾಗ ಎಡಗೈ ಬೀಸುತ್ತಿರಲಿಲ್ಲ. ಹೊಟ್ಟೆಗೆ ಒತ್ತಿಕೊಂಡೇ ನಡೆಯುತ್ತಿದ್ದಳು. ಮೇ ತಿಂಗಳ ಸೆಕೆಯಲ್ಲಿ ನಾವು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಬಿದ್ದುಕೊಂಡಿದ್ದರೆ, ಆಕೆ ಮಣಿಕಟ್ಟಿನ ತನಕ ತೋಳಿರುವ ರವಿಕೆ ತೊಟ್ಟು ಓಡಾಡುತ್ತಿದ್ದಳು.

"ಏನ ಬಾಯಿ, ಶೂಟಿಂಗಿಗೆ ಹೊಂಟೀರೇನ?" ಎಂದು ಸಂಗವ್ವ ಕೆಣಕುತ್ತಿದ್ದಳು. ಸಂಗವ್ವ ನನ್ನ ಪಕ್ಕದ ಖೋಲಿಯವಳು. ಬಾಯಿ ಮುಚ್ಚಿದ್ದು ನಾನು ಕಂಡಿಲ್ಲ.

"ನನಗೆ ಚಳಿ ಮಾರಾಯ್ತಿ," ಎನ್ನುತ್ತಿದ್ದಳು ಆಕೆ.

ಮುಂಬಯಿಯಲ್ಲಿ, ಮೇ ತಿಂಗಳಲ್ಲಿ, ಚಳಿಯಂತೆ. ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು. ಆಕೆಯೂ ನಗುತ್ತಿದ್ದಳು.

ಆಕೆಯೊಂದಿಗೆ ನನ್ನ ಮೊದಲ ಮಾತು ಶುರುವಾದದ್ದು ನೀರಿನ ನಲ್ಲಿಯ ಹತ್ತಿರ. ನಮ್ಮ ಮನೆಯಲ್ಲಿ ಮಗ, ಸೊಸೆ, ನಾನು, ಮೂವರೂ ಕೆಲಸಕ್ಕೆ ಹೋಗುವವರು. ಮೊಮ್ಮಗಳು ಭಾಗಿ ಮಧ್ಯಾಹ್ನ ಸಾಲೆಯಿಂದ ಬಂದರೆ ಸಂಜೆಯ ತನಕ ಒಬ್ಬಳೇ. ಸಾಲಿನ ಮಕ್ಕಳೆಲ್ಲರ ಪಾಡೂ ಅದೇ. ನಾನು ಅವತ್ತು ಕೊಡ ತುಂಬಿಸುತ್ತ ಹೆಮ್ಮೆಯಿಂದ ಹೇಳಿದೆ: "ನಮ್ಮ ಭಾಗಿ ಭಾಳ ಶಾಣ್ಯಾ ಆಗ್ಯಾಳ್ರಿ. ಹಸಿವಾದ್ರ ತಾನs ನೂಡಲ್ಸ್ ಮಾಡ್ಕೊಂಡು ತಿಂತಾಳ. ಯಾರ ದಾರೀನೂ ಕಾಯೂದಿಲ್ಲ."

ಎಲ್ಲರೂ "ಹೌದೇನು" ಎಂದರು. ಆಕೆ ಮಾತ್ರ ಕೊಡ ಕೆಳಗಿಟ್ಟಳು. ನಲ್ಲಿಯ ನೀರು ಸುಮ್ಮನೆ ಹರಿದುಹೋಗುತ್ತಿತ್ತು. ಹಿಂದಿನವರು ಬೈಯತೊಡಗಿದರು.

"ಒಲೆ ಹಚ್ಚಿದ್ದು ಯಾರು?" ಎಂದಳು.

"ಆಕೀನs. ಮತ್ತ್ಯಾರು?"

"ಎಷ್ಟು ವರ್ಷ ಅವಳಿಗೆ?"

"ಏಳು ಮುಗದೈತಿ."

ಆಕೆ ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೋದಳು. ಹೊಟ್ಟೆಕಿಚ್ಚು ಎಂದುಕೊಂಡೆ. ಆಕೆಗೆ ಮಕ್ಕಳಿರಲಿಲ್ಲ.

ಮರುದಿನ ಸಂಜೆ ದುಡಿದು ಬಂದು ಚಹಾ ಇಡೋಣವೆಂದರೆ ಲೈಟರ್ ಇಲ್ಲ. ಕಟ್ಟೆಯ ಮೇಲಿಲ್ಲ, ಡಬ್ಬಿಗಳ ಹಿಂದಿಲ್ಲ.

"ಭಾಗೀ, ಲೈಟರ್ ಎಲ್ಲೈತಿ?"

"ಮಾವ್ಶಿ ಕಡೆ."

"ಯಾವ ಮಾವ್ಶಿ? ಆಕಿ ಕಡೆ ಯಾಕ ಹೋತು?"

"ಫೀ ಕೊಟ್ಟೀನಿ ಆಯಿ," ಎಂದಳು ಹುಡುಗಿ, ತಪ್ಪು ಮಾಡಿದ ಮುಖವಿಲ್ಲದೆ. "ಲೈಟರ್ ಕೊಟ್ಟವರಿಗೆ ಆಮೆ."

ನನ್ನ ಪಿತ್ತ ನೆತ್ತಿಗೇರಿತು. ಹೋಗಿ ನೋಡಿದರೆ ಆಕೆಯ ಬಾಗಿಲಲ್ಲಿ ಆಗಲೇ ಜಾತ್ರೆ. ಎಲ್ಲರ ಮನೆಯ ಲೈಟರೂ ಮಾಯವಾಗಿತ್ತು. ಸಂಗವ್ವ ಸೆರಗು ಬಿಗಿದು ನಿಂತಿದ್ದಳು.

"ಏನ ಬಾಯಿ, ಮಕ್ಕಳಿಗೆ ಕಳ್ಳತನ ಕಲಸ್ತೀರೇನ?"

"ಕಳ್ಳತನ ಎಂತದು ಮಾರಾಯ್ತಿ? ಇಲ್ಲೇ ಉಂಟಲ್ಲ. ಇದು ನಿಮ್ಮದು, ಹಳದಿ ದಾರ. ತಗೊಳ್ಳಿ. ನಾಳೆ ಬೆಳಿಗ್ಗೆ ನಿಮ್ಮ ಒಲೆ ಕೆಲಸ ಮುಗಿದ ಮೇಲೆ ಮಕ್ಕಳ ಹತ್ರ ಕಳ್ಸಿ."

"ನಾವ್ಯಾಕ ಕಳಸಬೇಕು?"

"ನೀವು ಮನೆಯಲ್ಲಿ ಇಲ್ಲದಾಗ ನಿಮಗೆ ಲೈಟರ್ ಎಂತಕ್ಕೆ?"

ಸಂಗವ್ವ ಹಳದಿ ದಾರದ್ದನ್ನು ಕಿತ್ತುಕೊಂಡಳು. ಲೈಟರ್ ಇಸಕೊಂಡು ಮನೆಗೆ ಬಂದೆವು. ಮನೆಗೆ ಬಂದ ಮೇಲೆ ಸಂಗವ್ವನಿಗೆ ಉತ್ತರ ಹೊಳೆಯಿತು. ಮರುದಿನ ತನ್ನ ಲೈಟರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಕೆಲಸಕ್ಕೆ ಹೋದಳು, ಹೇಗೆ ಕದೀತಾಳೋ ನೋಡೇ ಬಿಡ್ತೀನಿ ಎಂದು. ಅವಳ ಮಗ ಬರಿಗೈಯಲ್ಲಿ ಬಾಗಿಲ ಹತ್ತಿರ ಅಳುತ್ತ ನಿಂತನಂತೆ. ಆಕೆ ವಿಷಯ ಕೇಳಿ ಚಪ್ಪಾಳೆ ತಟ್ಟಿದಳಂತೆ. "ಅಮ್ಮ ಜೊತೆಗೇ ತಗೊಂಡು ಹೋದಳಾ? ಅಷ್ಟೇ ಬೇಕಾದ್ದು ನಂಗೆ. ಬಾ, ನಿನ್ನ ಫೀ ಸಂದಾಯ." ಸಂಗವ್ವ ಕೆಲವು ದಿನ ಸೊಂಟಕ್ಕೆ ಲೈಟರ್ ಸಿಕ್ಕಿಸಿಕೊಂಡು ಬಸ್ಸಿನಲ್ಲಿ ಎಲ್ಲರಿಗೂ ತಿವಿದು ಬೈಸಿಕೊಂಡಳು. ಆಮೇಲೆ ಅದು ಕೆಟ್ಟಿತು. ಕಡ್ಡಿಪೆಟ್ಟಿಗೆ ತಂದಳು. ಅದನ್ನು ಬೆಳಿಗ್ಗೆ ತಾನೇ ಮಗನ ಕೈಗೆ ಕೊಟ್ಟು ಕಳಿಸತೊಡಗಿದಳು.

ಒಳಗೆ ಏನು ನಡೆಯುತ್ತದೆ ನೋಡೋಣವೆಂದು ಒಂದು ರಜೆಯ ದಿನ ನಾನೇ ಹೋದೆ. ಚಹಾ ಮಾಡುತ್ತಾಳೆ ಎಂದುಕೊಂಡಿದ್ದೆ. ಪುನರ್ಪುಳಿ ಶರಬತ್ತು ಕೊಟ್ಟಳು. ಕೆಂಪಗೆ, ಹುಳಿ, ನಾಲಿಗೆ ಚುರ್ ಎಂದಿತು. ಕುಡಿಯುತ್ತ ಅಡುಗೆ ಕಟ್ಟೆ ನೋಡಿದೆ. ಒಲೆ ಇರಲಿಲ್ಲ. ಗ್ಯಾಸ್ ಇಲ್ಲ, ಸ್ಟೋವ್ ಇಲ್ಲ, ಕರೆಂಟಿನದೂ ಇಲ್ಲ. ಕಟ್ಟೆಯ ಮೇಲೆ ಮೂರ್ನಾಲ್ಕು ತಟ್ಟೆ, ಬಾಳೆಹಣ್ಣು, ಅವಲಕ್ಕಿ ಡಬ್ಬ. ಅಡುಗೆಯವನ ಹೆಂಡತಿ, ಮನೆಯಲ್ಲಿ ಒಲೆಯೇ ಇಲ್ಲ! ನಾನು ಕಟ್ಟೆಯ ಕೆಳಗೂ ಬಗ್ಗಿ ನೋಡಿದೆ.

"ಎಂತ ಹುಡುಕ್ತಾ ಇದ್ದೀರಿ ಅಕ್ಕ?"

"ಉಣ್ಣೂದು ಎಲ್ಲಿ ನೀವು?"

"ಬೆಳಿಗ್ಗೆ ಹೋಟೆಲಲ್ಲಿ ಆಗ್ತದೆ. ರಾತ್ರಿಗೆ ಅವಲಕ್ಕಿ ಉಂಟಲ್ಲ. ಹೊಟ್ಟೆಗೆ ಬಿಸಿಯೇ ಹಾಕ್ಬೇಕು ಅಂತ ಯಾರು ಹೇಳಿದ್ದು?"

ಸೋಮಾರಿ ಎಂದು ತೀರ್ಮಾನ ಮಾಡಿದೆ. ಸಾಲಿನಲ್ಲೆಲ್ಲ ಹಾಗೇ ಹೇಳಿದೆ.

ಮಕ್ಕಳು ಬಂದರು. ಒಬ್ಬೊಬ್ಬರೂ ಲೈಟರ್ ಚಾಚಿದರು. ಆಕೆ ಅದನ್ನು ಸೆರಗಿನ ತುದಿಯಲ್ಲಿ ಹಿಡಿದು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದಂತೆ ಎತ್ತಿ, ಚೀಲಕ್ಕೆ ಹಾಕಿದಳು. ಎಲ್ಲರದೂ ಆದ ಮೇಲೆ ಚೀಲದ ಬಾಯಿ ಬಿಗಿದಳು. ಆಮೇಲೆ ಬೇರೆ ಹೆಂಗಸೇ ಆದಳು.

ಚಾಕು ಇರಲಿಲ್ಲ. ಟ್ರಂಕಿನಿಂದ ಒಂದು ಗಂಟು ತೆಗೆದು ಬಿಚ್ಚಿದಳು. ಬಳೆಗಳು. ಸಣ್ಣವು, ದೊಡ್ಡವು, ಸ್ಟೀಲಿನವು, ಪ್ಲಾಸ್ಟಿಕ್ಕಿನವು. ಗಂಡ ಸತ್ತವಳು ಇಷ್ಟು ಬಳೆ ಕೂಡಿಟ್ಟುಕೊಂಡಿದ್ದಾಳಲ್ಲ ಎಂದು ನಾನು ಹುಬ್ಬೇರಿಸಿದೆ. ಆಕೆ ದೊಡ್ಡ ಬಳೆಯನ್ನು ಹೋಟೆಲಿನಿಂದ ತಂದ ನಿನ್ನೆಯ ಚಪಾತಿಯ ಮೇಲೆ ಒತ್ತಿ ತಿರುವಿದಳು. ದುಂಡಗೆ ಒಂದು ಮುಖ ಬಂತು. ಸಣ್ಣ ಬಳೆಯಿಂದ ಎರಡು ಕಿವಿ. ಬೆಲ್ಲ ಸವರಿ ಅಂಟಿಸಿದಳು. ಕರಡಿ. ಇನ್ನೊಂದು ಚಪಾತಿಗೆ ಬೆಲ್ಲ, ಕಾಯಿತುರಿ ಹರಡಿ ಸುರುಳಿ ಸುತ್ತಿದಳು. ಸುರುಳಿಯ ಕೆಳಗೆ ಹೊಲಿಗೆ ದಾರ ತೂರಿಸಿ, ಎರಡೂ ತುದಿಯನ್ನು ಮೇಲೆ ತಂದು ಅಡ್ಡಹಾಯಿಸಿ ಎಳೆಯಲು ಹೇಳಿದಳು. ಭಾಗಿ ಎಳೆದಳು. ಚಪಾತಿ ತುಂಡಾಯಿತು. ಒಳಗೆ ಸುತ್ತುಸುತ್ತಾಗಿ ಬಸವನಹುಳುವಿನ ಬೆನ್ನು.

ಖರ್ಜೂರದ ಇಲಿ ಮಾಡಿದರು, ದಪ್ಪ ಸೇವು ಸಿಕ್ಕಿಸಿ ಬಾಲ. ಬಾಳೆಹಣ್ಣಿಗೆ ಶೇಂಗಾ ಚುಚ್ಚಿ ಮುಳ್ಳುಹಂದಿ. ನೆನೆಸಿದ ಅವಲಕ್ಕಿಗೆ ಬೆಲ್ಲ ಕಲಸಿ ಹಿಚುಕಿ ಆನೆ. ಪಾವ್ ಬ್ರೆಡ್ಡಿನ ಅರ್ಧ ತುಂಡು ಮಗುಚಿ ಹಾಕಿ, ಸುತ್ತ ಬಾಳೆಹಣ್ಣಿನ ನಾಲ್ಕು ಬಿಲ್ಲೆ ಕಾಲು, ಮುಂದೊಂದು ಕ್ಯಾರೆಟ್ ಚೂರಿನ ತಲೆ. ಅದು ಆಮೆ. ಆಮೆಯೇ ಎಲ್ಲರಿಗೂ ಮೊದಲ ಪಾಠ.

ಆಕೆ ಮುದ್ದು ಮಾಡುವವಳಲ್ಲ. ಯಾವ ಮಗುವನ್ನೂ ಅಪ್ಪಿಕೊಂಡದ್ದು ನಾನು ನೋಡಿಲ್ಲ. ಗದರುವುದೇ ಹೆಚ್ಚು.

"ಏಯ್, ಆನೆಗೆ ಐದು ಕಾಲು ಎಂತಕ್ಕಾ?"

"ಒಂದು ಸೊಂಡಿ, ಮಾವ್ಶಿ."

"ಸೊಂಡಿಲು ಹಿಂದೆ ಇರ್ತದಾ?"

"ಅಂವಾ ಹಿಂದ ಹೊಳ್ಳಿ ನೋಡಾಕತ್ತಾನ," ಎಂದ ಸಂಗವ್ವನ ಮಗ. ತಾಯಿಯ ಬಾಯಿ ಮಗನಿಗೂ ಬಂದಿದೆ.

ಕೊನೆಗೆ ಕಣ್ಣು. ಕರಿ ದ್ರಾಕ್ಷಿಯನ್ನು ಆಕೆಯೇ ಇಡುತ್ತಿದ್ದಳು, ಮಕ್ಕಳಿಗೆ ಬಿಡುತ್ತಿರಲಿಲ್ಲ. ಎಲ್ಲರ ಪ್ರಾಣಿಗೂ ಕಣ್ಣು ಬಂದ ಮೇಲೆ ಆಕೆ ಹೇಳಿದ ಮಾತಿಗೆ ನಾನು ಶರಬತ್ತಿನ ಲೋಟ ಕೆಳಗಿಟ್ಟೆ.

"ಹೂಂ, ಮೊದಲು ಕಣ್ಣು ತಿನ್ನಿ."

ಅಷ್ಟೂ ಮಕ್ಕಳು ತಮ್ಮ ಇಲಿಯ, ಆನೆಯ, ಆಮೆಯ ಕಣ್ಣು ಕಿತ್ತು ಬಾಯಿಗೆ ಹಾಕಿಕೊಂಡರು.

"ಇದೇನ್ರಿ ಬಾಯಿ, ಸಣ್ಣ ಮಕ್ಕಳಿಗೆ ಇಂಥಾ ಮಾತು ಕಲಸ್ತೀರಿ?"

"ಮತ್ತೆ? ಅದು ನೋಡ್ತಾ ಇರುವಾಗ ಅದರ ಕಾಲು ತಿನ್ನುದಾ? ತನ್ನ ಮೈಗೆ ಏನಾಯ್ತು ಅಂತ ಯಾರೂ ನೋಡ್ಬಾರದು ಅಕ್ಕ."

ತಲೆ ಸರಿಯಿಲ್ಲದ ಹೆಂಗಸು ಎಂದುಕೊಂಡು ಎದ್ದು ಬಂದೆ. ನನಗೂ ಒಂದು ಆಮೆ ಕೊಡಲು ಬಂದಳು. ಬೇಡವೆಂದೆ. ತಣ್ಣನೆಯದು ನನಗೆ ಸೇರುವುದಿಲ್ಲ. ಆಮೇಲೂ ಎಷ್ಟೋ ಸಲ ಕೊಟ್ಟಳು, ಒಂದು ಸಲವೂ ತಿನ್ನಲಿಲ್ಲ. ಆದರೆ ಲೈಟರ್ ಕಳಿಸಿದೆ. ಯಾಕೆಂದರೆ ಸಂಜೆ ಬಂದಾಗ ಭಾಗಿಯ ಹೊಟ್ಟೆ ತುಂಬಿರುತ್ತಿತ್ತು. ಮನೆಯಲ್ಲಿ ಒಬ್ಬಳೇ ಇದ್ದ ದಿನವೂ ಹುಡುಗಿ ತಾನೇ ಬಳೆ ಒತ್ತಿ, ದಾರ ಎಳೆದು, ಏನಾದರೂ ಮಾಡಿಕೊಂಡು ತಿನ್ನುತ್ತಿದ್ದಳು. ಒಲೆಯ ಕಡೆ ಮುಖ ಹಾಕುತ್ತಿರಲಿಲ್ಲ. ಮಕ್ಕಳು ಆಮೆಯ ಆಸೆಗೆ ಲೈಟರ್ ಕೊಡುತ್ತಾರೆ ಎಂದೇ ನಾನು ತಿಳಿದಿದ್ದೆ. ಎಲ್ಲ ತಾಯಂದಿರೂ ಹಾಗೇ ತಿಳಿದಿದ್ದರು.

ಹೀಗೇ ಕೆಲವು ವರ್ಷ ನಡೆಯಿತು. ದೊಡ್ಡ ಮಕ್ಕಳು ಬಿಟ್ಟರು, ಸಣ್ಣವು ಬಂದವು. ಚೀಲ ಬದಲಾಯಿತು, ಮೊಳೆ ಅದೇ.

ಈ ಮಳೆಗಾಲ ಮುಗಿದ ಹೊಸತರಲ್ಲಿ ಒಂದು ಸಂಜೆ, ಕೆಲಸ ಮುಗಿಸಿ ಲೈಟರ್ ತರಲು ಹೋದೆ. ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಮಕ್ಕಳ ಚಪ್ಪಲಿ ರಾಶಿ ಬಿದ್ದಿದ್ದವು. ಒಳಗೆ ಸದ್ದಿಲ್ಲ. ಅಷ್ಟು ಮಕ್ಕಳಿದ್ದೂ ಸದ್ದಿಲ್ಲದ ಖೋಲಿಯನ್ನು ನಾನು ಕಂಡವಳಲ್ಲ.

ಭಾಗಿ ತುಟಿಯ ಮೇಲೆ ಬೆರಳಿಟ್ಟಳು. "ಚುಪ್ ಆಯಿ. ಮಾವ್ಶಿ ಮಲಗ್ಯಾರ."

ಆಕೆ ಕಾಲು ಚಾಚಿ, ಗೋಡೆಗೆ ಒರಗಿ ಕೂತಿದ್ದಳು. ಮಡಿಲಲ್ಲಿ ಸ್ಟೀಲಿನ ತಟ್ಟೆ. ತಟ್ಟೆಯಲ್ಲಿ ಪಾವಿನ ಆಮೆ. ಆಮೆಗೆ ಒಂದೇ ಕಣ್ಣು. ಇನ್ನೊಂದು ದ್ರಾಕ್ಷಿ ಆಕೆಯ ಬೆರಳುಗಳ ನಡುವೆಯೇ ಇತ್ತು. ಬಾಯಿ ತುಸು ತೆರೆದಿತ್ತು. ತುಟಿಯ ಮೇಲೆ ನೊಣ ಕೂತಿತ್ತು. ಅದನ್ನು ಓಡಿಸುವವರಿಲ್ಲ.

"ಯಾವಾಗ ಮಲಗಿದ್ರು?" ಎಂದೆ.

"ಬಹುತ್ ಟೈಮ್ ಆತು. ಎಬ್ಬಿಸಿದ್ರ ಬೈತಾರಂತ ಸುಮ್ಮನಿದ್ದೀವಿ. ನಾವs ಎಲ್ಲಾ ಮಾಡೀವಿ ಆಯಿ. ಕಣ್ಣ ಇಡೂದೊಂದs ಬಾಕಿ ಐತಿ."

ಮಕ್ಕಳು ಹೆಣದ ಸುತ್ತ ಕೂತು, ಪಿಸುಗುಡುತ್ತ, ಇಲಿ ಮಾಡುತ್ತಿದ್ದರು. ನಾನು ಸಾವು ಕಾಣದವಳಲ್ಲ. ಮೇಲಿನ ಮಹಡಿಯಿಂದ ಬಿದ್ದವರನ್ನು ಕಂಡಿದ್ದೇನೆ, ನನ್ನ ಗಂಡನನ್ನು ಹಾಗೇ ಕಳಕೊಂಡೆ. ಇಂಥದ್ದು ಮಾತ್ರ ಕಂಡಿರಲಿಲ್ಲ. ಸಾಲಾಗಿ ಇಟ್ಟ ಕುರುಡು ಇಲಿಗಳು. ಕಣ್ಣಿಡುವವಳು ಎದುರಿಗೇ ಕೂತಿದ್ದಾಳೆ, ಸತ್ತು.

ಮಕ್ಕಳನ್ನು ಹೊರಗೆ ಕಳಿಸಿದೆ. ಸಂಗವ್ವನನ್ನು ಕೂಗಿದೆ. ಮೂಲೆಯ ದವಾಖಾನೆಯ ಡಾಕ್ಟರು ಬಂದು ನೋಡಿ, ಎದೆ ನಿಂತಿದೆ, ನೋವೇನೂ ಆಗಿರಲಿಕ್ಕಿಲ್ಲ ಎಂದು ಹೇಳಿ ಚೀಟಿ ಕೊಟ್ಟರು. ಮಲಾಡಿನಲ್ಲಿ ಆಕೆಯ ತಂಗಿಯ ಮಗನಿದ್ದ. ಅವನಿಗೆ ಫೋನು ಹೋಯಿತು. ಆಫೀಸಿನಿಂದ ಹೊರಟಿದ್ದೇನೆ, ಲೋಕಲ್ ತುಂಬ ರಶ್ ಎಂದ. ಅವನು ಬರುವಷ್ಟರಲ್ಲಿ ಮೈ ತೊಳೆದಿಡೋಣ ಎಂದೆ. ಬೇರೆ ಹೆಂಗಸರು ಹಿಂದೆ ಸರಿದರು. ಸಂಗವ್ವ ನೀರು ತಂದಳು.

ಮುಖ ತೊಳೆದೆ. ಕಾಲು ತೊಳೆದೆ. ರವಿಕೆಯ ಗುಂಡಿ ಬಿಚ್ಚಿದೆ. ಎಡ ತೋಳು ಬರಲಿಲ್ಲ, ಕೈ ಮಡಚಿಕೊಂಡೇ ಇತ್ತು. ಸಂಗವ್ವ ಕತ್ತರಿಯಿಂದ ತೋಳಿನ ಹೊಲಿಗೆ ಬಿಡಿಸಿದಳು. ಬಟ್ಟೆ ಸರಿಯಿತು. ಸಂಗವ್ವ ಕತ್ತರಿ ಕೆಳಗಿಟ್ಟು ಹಿಂದೆ ಸರಿದಳು.

ಮಣಿಕಟ್ಟಿನಿಂದ ಭುಜದ ತನಕ, ಅಲ್ಲಿಂದ ಎದೆಯ ಮೇಲೆ, ಹೊಟ್ಟೆಯ ಮೇಲೆ, ತೊಗಲು ತೊಗಲಿನ ಹಾಗಿರಲಿಲ್ಲ. ಹಾಲಿನ ಕೆನೆಗೆ ಬೆರಳು ತಗುಲಿ ಮುದುಡಿದಂತೆ ಇತ್ತು. ಹೊಳೆಯುತ್ತಿತ್ತು. ಮೊಣಕೈಯ ಒಳಗಡೆ ಮೇಲಿನ ತೋಳೂ ಕೆಳಗಿನ ತೋಳೂ ಅಂಟಿಕೊಂಡು ಬೆಳೆದಿದ್ದವು. ಹಳೆಯ ಸುಟ್ಟ ಗಾಯ. ಸಣ್ಣ ಮೈಯ ಮೇಲೆ ಆಗಿ, ಮೈ ಬೆಳೆದಂತೆ ತಾನೂ ಎಳೆದುಕೊಂಡು ಬೆಳೆದದ್ದು.

ಸಂಗವ್ವ, ಆ ಬಾಯಿಬಡಕಿ, ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟಳು. "ಶೂಟಿಂಗಿಗೆ ಹೊಂಟೀರೇನ ಅಂತಿದ್ನಲ್ಲs ಯಕ್ಕಾ," ಎಂದಳು ಕೊನೆಗೆ. ಆ ತೋಳಿಗೆ ನೀರು ಹಾಕುವಾಗ ನೀರು ಬಿಸಿಯಿಲ್ಲವಲ್ಲ ಎಂದು ಎರಡು ಸಲ ಕೈಯಿಟ್ಟು ನೋಡಿದೆ. ಸತ್ತವಳಿಗೆ ಬಿಸಿಯೇನು, ತಣ್ಣಗೇನು? ಆದರೂ ನೋಡಿದೆ.

ಸೀರೆ ಉಡಿಸಿ ಹೊರಗೆ ಬಂದೆ. ಗ್ಯಾಲರಿಯ ಕಟಕಟೆಯ ಕೆಳಗೆ ಮಕ್ಕಳು ಸಾಲಾಗಿ ಕೂತಿದ್ದರು. ಭಾಗಿ ನನ್ನ ಮುಖ ನೋಡಿದಳು.

"ತೋಳು ನೋಡಿದ್ಯಾ ಆಯಿ?"

"ನಿನಗ ಹೆಂಗ ಗೊತ್ತ?"

"ಸಬ್‌ಕೋ ಪತಾ ಹೈ, ಎಲ್ಲಾರಿಗೂ ಗೊತ್ತೈತಿ," ಎಂದ ಸಂಗವ್ವನ ಮಗ.

"ಫಸ್ಟ್ ದಿನಾನ ತೋರಿಸ್ತಾರ," ಎಂದಳು ಭಾಗಿ. "ಬಾಗಲಾ ಹಾಕಿ, ತೋಳ ಮ್ಯಾಲೆ ಮಾಡಿ, ಮುಟ್ಟಿ ನೋಡು ಅಂತಾರ. ಎಲ್ಲಾರೂ ಮುಟ್ಟಬೇಕು. ಮುಟ್ಟಿದ ಮ್ಯಾಲೆ ಆಮೆ."

"ಹೆಂಗಾತಂತ?"

"ನನ್ನಷ್ಟs ಇದ್ರಂತ. ಮನ್ಯಾಗ ದೊಡ್ಡವರು ಯಾರೂ ಇರಲಿಲ್ಲಂತ. ತಮ್ಮ ಹಸಿವು ಹಸಿವು ಅಂತ ಅಳತಿದ್ದನಂತ. ಗಂಜಿ ಮಾಡೂಣಂತ ಒಲಿ ಹಚ್ಚಿದ್ರು, ಹತ್ತಲಿಲ್ಲ. ಚಿಮಣಿ ಎಣ್ಣಿ ಸುರದ್ರಂತ."

"ತಮ್ಮ?"

ಭಾಗಿ ಬೇರೆ ಮಕ್ಕಳ ಕಡೆ ನೋಡಿದಳು. ಎಲ್ಲರೂ ಬೇಡವೆಂದು ತಲೆಯಾಡಿಸಿದರು.

"ತಮ್ಮನ ಬಗ್ಗೆ ಕೇಳಬಾರದು. ರೂಲ್ ಐತಿ."

"ಇಷ್ಟ ದಿನಾ ನನಗ್ಯಾಕ ಹೇಳಲಿಲ್ಲ ನೀ?"

"ನೀ ಯಾವತ್ತು ಕೇಳಿದಿ?" ಎಂದಳು.

ನಾನು ಅಲ್ಲೇ ಕೂತೆ. ಮನೆಗೆಲಸಕ್ಕೆ ಸೇರುವ ಮೊದಲು ನಾನು ಗೋಡೆ ಕಟ್ಟಿದವಳು. ಇಟ್ಟಿಗೆಯ ಒಳಗೆ ಟೊಳ್ಳಿದ್ದರೆ ತಟ್ಟಿ ಹೇಳುವವಳು. ನಮ್ಮದೇ ಸಾಲಿನಲ್ಲಿ ಇಷ್ಟು ವರ್ಷ ಇದ್ದ ಈ ಹೆಂಗಸು, ನಮಗೆ ನಗುತ್ತ ಚಳಿ ಎಂದಳು. ಮೂಗು ಒರೆಸಿಕೊಳ್ಳಲು ಬಾರದ ಈ ಮಕ್ಕಳಿಗೆ ತೋಳು ತೆರೆದು ತೋರಿಸಿದಳು. ಆ ಮಕ್ಕಳು ಒಬ್ಬರೂ ಬಾಯಿ ಬಿಡಲಿಲ್ಲ. ಆಮೆಯ ಆಸೆಗಲ್ಲ, ಹೆದರಿ, ತಿಳಿದು, ತಾವೇ ತಮ್ಮ ಮನೆಯ ಲೈಟರ್ ಎತ್ತಿಕೊಂಡು ಹೋಗಿ ಕೊಡುತ್ತಿದ್ದರು.

ತಲೆಯ ಹತ್ತಿರ ದೀಪ ಹಚ್ಚಬೇಕಿತ್ತು. ಗ್ಯಾಸಿನ ಲೈಟರಿನ ಕಿಡಿಗೆ ಎಣ್ಣೆಬತ್ತಿ ಹತ್ತುವುದಿಲ್ಲ. ಚೀಲದಿಂದ ಕಡ್ಡಿಪೆಟ್ಟಿಗೆ ತಾ ಎಂದೆ. ಭಾಗಿ ಚೀಲ ತಂದಳು, ಹಳದಿ ದಾರದ ಪೆಟ್ಟಿಗೆ ತೆಗೆದಳು. ನಾನು ಕೈ ಚಾಚಿದೆ. ಕೊಡಲಿಲ್ಲ.

"ಇದು ಸಂಗವ್ವ ಚಿಗವ್ವಂದು. ಆಕಿ ಕೈಯಾಗ ಕೊಡಬೇಕು."

ಕೊಟ್ಟಳು, ಫ್ರಾಕಿನ ತುದಿಯಲ್ಲಿ ಹಿಡಿದು. ಸಂಗವ್ವ ಕಡ್ಡಿ ಗೀರಿದಳು. ಗಾಳಿಗೆ ಆರಿತು. ಮತ್ತೆ ಗೀರಿದಳು. ಮಕ್ಕಳೆಲ್ಲ ಒಟ್ಟಿಗೆ ಹಿಂದಕ್ಕೆ ಸರಿದು ನಿಂತರು, ಯಾರೂ ಹೇಳದೆಯೇ.

ತಂಗಿಯ ಮಗ ಬರುವಷ್ಟರಲ್ಲಿ ಪೂರಾ ಕತ್ತಲಾಗಿತ್ತು. ಬೆವರಿನಲ್ಲಿ ತೊಯ್ದ ಶರ್ಟು, ಕನ್ನಡ ತಡವರಿಸಿ ಆಡುವ ಹುಡುಗ. ದೊಡ್ಡಮ್ಮನ ಕಾಲು ಹಿಡಿದು ಅತ್ತ. ಬಾಗಿಲ ಹಿಂದಿನ ಚೀಲ ನೋಡಿ ಅಳುವುದನ್ನು ನಿಲ್ಲಿಸಿದ.

"ಇಲ್ಲೂ ಉಂಟಾ?" ಎಂದ. "ದೊಡ್ಡಮ್ಮ ನಮ್ಮ ಮನೆಗೆ ಬಂದು ಹೋದ ಮೇಲೆ ಲೈಟರ್ ಇರ್ತಾನೇ ಇರ್ಲಿಲ್ಲ. ಮಮ್ಮಿ ಪ್ರತೀ ಸಲ ಹೊಸತು ತರ್ತಿದ್ರು. ಮಮ್ಮಿ ಏನೂ ಹೇಳ್ತಿರ್ಲಿಲ್ಲ. ನಾನು ಸುಮ್ನೆ ಮಜಾಕ್ ಅಂದ್ಕೊಂಡಿದ್ದೆ."

ಗಾಡಿ ಬರಬೇಕಿತ್ತು. ಆಕೆಯನ್ನು ಬಾಗಿಲ ಹೊರಗೆ ಗ್ಯಾಲರಿಯಲ್ಲಿ ಮಲಗಿಸಿ ಕಾಯುತ್ತ ಕೂತೆವು. ಕೆಲಸದಿಂದ ಬಂದ ಹೆಂಗಸರು ಹಾಗೇ ಗ್ಯಾಲರಿಯಲ್ಲಿ ಕೂತಿದ್ದರು. ಹೊಟ್ಟೆಗೆ ಏನೂ ಇಲ್ಲ. ಹೆಣದ ಎದುರು ಹಸಿವೆ ಎನ್ನುವ ಹಾಗೂ ಇಲ್ಲ. ಆಗ ಮಕ್ಕಳು ನಮ್ಮ ಮನೆಯಿಂದ ಹೊರಬಿದ್ದರು, ಕೈಯಲ್ಲಿ ತಟ್ಟೆಗಳು.

ತಟ್ಟೆಗಳಲ್ಲಿ ಆಮೆಗಳು, ಇಲಿಗಳು, ಅವಲಕ್ಕಿಯ ಆನೆಗಳು.

"ಏಯ್! ಹೆಣದ ಮುಂದ ಇದೇನ ಆಟ?" ಎಂದು ಯಾರೋ ಚೀರಿದರು. ಒಬ್ಬಳು ಭಾಗಿಯ ತಟ್ಟೆ ಕಸಿಯಲು ಎದ್ದಳು. ಸಂಗವ್ವ ಅವಳ ಸೆರಗು ಹಿಡಿದು ಕೂರಿಸಿದಳು. "ಒಲಿ ಹಚ್ಚಿಲ್ಲಲ್ಲ? ಬೇಯಿಸಿದ್ದು ಏನರ ಐತೇನು ಅದರಾಗ? ಕೂಡ ಸುಮ್ಮ."

ಆಕೆಯ ಕಾಲುಗಳ ಪಕ್ಕದಲ್ಲೇ ಮಕ್ಕಳು ಬಗ್ಗಿ ಬಗ್ಗಿ ಬಡಿಸಿಕೊಂಡು ಹೋದರು. ದುಡಿದು ಬಂದ ಹೆಂಗಸರ ಅಂಗೈಗಳಲ್ಲಿ ಆನೆ, ಇಲಿ. ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ನನ್ನ ಮುಂದೆ ಭಾಗಿ ಆಮೆ ಹಿಡಿದಳು. ಎರಡೂ ಕಣ್ಣಿದ್ದವು.

"ಕಣ್ಣ ಯಾರಿಟ್ರು?"

"ನಾನು."

ಆಕೆ ಕೊಟ್ಟಾಗ ತಿನ್ನದ್ದನ್ನು ಆಗ ತೆಗೆದುಕೊಂಡೆ. ಕಾಲಿಗೆ ಕೈ ಹಾಕಿದೆ. ಭಾಗಿ ನನ್ನ ಕೈ ಹಿಡಿದಳು.

"ಆಯಿ. ಮೊದಲು ಕಣ್ಣು."

ಕಣ್ಣು ಕಿತ್ತು ಬಾಯಿಗೆ ಹಾಕಿಕೊಂಡೆ. ಒಂದು, ಆಮೇಲೆ ಇನ್ನೊಂದು. ಸಿಹಿ ಇತ್ತು. ಉಳಿದದ್ದು ತಿಂದೆ. ತಂಗಿಯ ಮಗನೂ ತಿಂದ.

ಗಾಡಿ ಹೋದ ಮೇಲೆ ಮಕ್ಕಳು ಬಾಗಿಲಲ್ಲಿ ನಿಂತು, ದಾರದ ಬಣ್ಣ ನೋಡಿ, ಅವರವರ ತಾಯಂದಿರ ಕೈಗೆ ಲೈಟರ್ ಒಪ್ಪಿಸಿದರು. ಮರುದಿನ ಮಧ್ಯಾಹ್ನ ಅವೇ ಲೈಟರುಗಳು ನನ್ನ ಬಾಗಿಲಿಗೆ ಬಂದವು. ನಾನು ಅವತ್ತು ಕೆಲಸಕ್ಕೆ ಹೋಗಿರಲಿಲ್ಲ.

"ನನಗ ಆಮೆ ಮಾಡಾಕ ಬರೂದಿಲ್ಲ," ಎಂದೆ.

"ನಮಗ ಬರತೈತಿ," ಎಂದಳು ಭಾಗಿ. "ನೀ ಚೀಲಾ ಹಿಡಕೊಂಡು ಕೂಡು."

ಮಧ್ಯಾಹ್ನದ ಮನೆಗೆಲಸ ಬಿಟ್ಟೆ. ಆಕೆಯ ಚೀಲ ಈಗ ನನ್ನ ಬಾಗಿಲ ಹಿಂದೆ ಇದೆ.

ಕಳೆದ ವಾರ ಸಾಲಿಗೆ ಹೊಸ ಸಂಸಾರ ಬಂತು, ಯಾದಗಿರಿ ಕಡೆಯವರು. ಗಂಡ ಹೆಂಡತಿ ಇಬ್ಬರೂ ಗಾರೆ ಕೆಲಸಕ್ಕೆ ಹೋಗುತ್ತಾರೆ. ಅವರ ಸಣ್ಣ ಹುಡುಗಿ ಕಡ್ಡಿಪೆಟ್ಟಿಗೆ ಹಿಡಿದು ನನ್ನ ಬಾಗಿಲಿಗೆ ಬಂತು, ಆಮೆ ಕೊಡ್ರಿ ಎಂದು. ನಾನು ಪೆಟ್ಟಿಗೆ ತೆಗೆದುಕೊಳ್ಳಲು ಕೈ ಚಾಚಿದೆ. ಭಾಗಿ ತಡೆದಳು. ಎದ್ದು ಹೋಗಿ ಬಾಗಿಲು ಹಾಕಿದಳು. ಮಕ್ಕಳು ತಮ್ಮ ತಮ್ಮ ಕೆಲಸ ಬಿಟ್ಟು ಸುತ್ತ ಕೂತರು. ಏನಾಗುತ್ತಿದೆ ಎಂದು ನನಗೆ ತಿಳಿಯುವ ಮೊದಲೇ ನನ್ನ ಮೊಮ್ಮಗಳು ಸಾಲೆಯ ಅಂಗಿಯ ಎಡ ತೋಳನ್ನು ಭುಜದ ತನಕ ಮಡಚಿದಳು. ತೆಳ್ಳನೆಯ ತೋಳು, ನುಣುಪು ತೊಗಲು, ಸೊಳ್ಳೆ ಕಚ್ಚಿದ ಒಂದು ಗುರುತೂ ಇಲ್ಲ.

"ನೋಡು," ಎಂದಳು. ಬೆರಳನ್ನು ಮಣಿಕಟ್ಟಿನ ಮೇಲಿಟ್ಟು ಮೆಲ್ಲಗೆ ಮೇಲಕ್ಕೆ ಎಳೆದಳು. "ಇಲ್ಲಿಂದ. ಇಲ್ಲೀ ತನಾ. ಇಲ್ಲಿ ಅಂಟಿಕೊಂಡಿತ್ತು. ಮುಟ್ಟು."

ಆ ಹುಡುಗಿ ಬೆರಳು ಚಾಚಿ, ಏನೂ ಇಲ್ಲದ ಆ ತೋಳನ್ನು ಮುಟ್ಟಿತು. ಬಿಸಿ ತಾಗಿದಂತೆ ಕೈ ಹಿಂದೆ ಎಳೆದುಕೊಂಡಿತು.

ಆಮೇಲೆ ಕಡ್ಡಿಪೆಟ್ಟಿಗೆಯನ್ನು ನನಗೆ ಕೊಟ್ಟಿತು. ನಾನು ಸೆರಗಿನ ತುದಿಯಲ್ಲಿ ಹಿಡಿದು ಚೀಲಕ್ಕೆ ಹಾಕಿದೆ.